ಬೀಗರ ಮನೆಯ ಟರ್ಕಿ

ಲಫಾಯೆಟ್ ಬಿಟ್ಟು ನ್ಯೂ ಐಬೀರಿಯಾ ಕಡೆ ತಿರುಗಿದರೆ ರಸ್ತೆಯ ಎರಡೂ ಬದಿ ಕಬ್ಬು. ನವೆಂಬರ್ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಕಬ್ಬು ಅರೆಯುವ ಕಾಲ. ಮಂಡ್ಯದವನಾದ ನನಗೆ ಮುಂದೆ ಹೋಗುತ್ತಿದ್ದ ಕಬ್ಬಿನ ಲಾರಿ ನೋಡಿಯೇ ಹ್ಯೂಸ್ಟನ್‌ನಿಂದ ಕಾರು ಓಡಿಸಿಕೊಂಡು ಬಂದ ಆಯಾಸ ಹೋಯಿತು. ಮಗಳನ್ನು ಕೊಟ್ಟಿರುವುದು ಈ ಸೀಮೆಗೆ. ನವೆಂಬರ್ ತಿಂಗಳ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬೀಗರು ಕರೆದಿದ್ದರು.

ಅಮೆರಿಕದ ಹೆಚ್ಚಿನ ಮನೆಗಳಲ್ಲಿ ಅಂದು ಟರ್ಕಿ ಕೋಳಿ ಓವನ್‌ನಲ್ಲಿ ಗಂಟೆಗಟ್ಟಲೆ ಬೇಯುತ್ತದೆ. ಎಷ್ಟೋ ಸಲ ಎದೆಯ ಮಾಂಸ ಒಣಗಿರುತ್ತದೆ. ಈ ಸೀಮೆಯ ಫ್ರೆಂಚ್ ಮೂಲದ ಕೇಜನ್ ಜನ ಇಡೀ ಕೋಳಿಯನ್ನೇ ಕಾದ ಎಣ್ಣೆಗೆ ಇಳಿಸುತ್ತಾರೆ. ಅದೂ ಕಡಲೆಕಾಯಿ ಎಣ್ಣೆ! ಹಿತ್ತಲಲ್ಲಿ ಎಣ್ಣೆ ಕಾಯತೊಡಗಿದಾಗ ಬಂದ ವಾಸನೆ ನಮ್ಮಮ್ಮ ದೀಪಾವಳಿಗೆ ಕಜ್ಜಾಯ ಸುಡುವಾಗ ಬರುತ್ತಿದ್ದದ್ದೇ.

ಎರಡು ಕೋಳಿ, ಒಂದೊಂದೂ 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ. ಬೀಗರು ಭಾನುವಾರವೇ ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಟ್ಟಿದ್ದರಂತೆ. ಹೊರಗೆ ಮೆತ್ತಗಾದರೂ ಹೊಟ್ಟೆಯೊಳಗೆ ಮಂಜುಗಡ್ಡೆ ಉಳಿದಿರುತ್ತದೆ. ಅಪಾಯ ಇರುವುದೇ ಅಲ್ಲಿ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಎಣ್ಣೆ ಉಕ್ಕಿ ಕೆಳಗಿನ ಬೆಂಕಿಗೆ ಬಿದ್ದರೆ ಮುಗಿಯಿತು. ಈ ಹಬ್ಬದ ದಿನ ಹಾಗೆ ಮನೆಗೇ ಬೆಂಕಿ ಹತ್ತಿದ್ದುಂಟು. 'ಕಾದೆಣ್ಣೆ ಹತ್ರ ಒದ್ದೆ ಕೈ ತರಬ್ಯಾಡ ಕಣ್ಲಾ' ಅಂತ ಅಮ್ಮ ಗದರುತ್ತಿದ್ದದ್ದೂ ಇದಕ್ಕೇ.

ಹಿಂದಿನ ರಾತ್ರಿ ಬೀಗಿತ್ತಿ ಕರಗಿಸಿದ ಬೆಣ್ಣೆಗೆ ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ ಕಲಸಿ, ದಪ್ಪ ಸಿರಿಂಜ್‌ನಿಂದ ಎದೆಗೂ ತೊಡೆಗೂ ಚುಚ್ಚಿ ತುಂಬಿದ್ದರು. ಬೆಳಿಗ್ಗೆ ಕೋಳಿಯ ಒಳಹೊರಗೆಲ್ಲ ಒರೆಸುವ ಕೆಲಸ ನನಗೆ ಬಂತು. ಒರೆಸಿದೆ, ಮತ್ತೆ ಒರೆಸಿದೆ. ಎಣ್ಣೆಯ ಲೆಕ್ಕ ಬೀಗರು ಮೊದಲೇ ನೀರಿನಲ್ಲಿ ನೋಡಿದ್ದರು: ಹಂಡೆಯಲ್ಲಿ ಕೋಳಿ ಇಟ್ಟು ಮುಳುಗುವಷ್ಟು ನೀರು ಹೊಯ್ದು, ಕೋಳಿ ತೆಗೆದಾಗ ನೀರು ಎಲ್ಲಿಗೆ ನಿಂತಿತೋ ಅಲ್ಲಿಗೆ ಗುರುತು. ಆಮೇಲೆ ಹಂಡೆಯನ್ನೂ ಒಣಗಿಸಿಟ್ಟಿದ್ದರು.

ಒಲೆ ಹೂಡಿದ್ದು ಮನೆಯಿಂದ ದೂರ, ಬರಿ ನೆಲದ ಮೇಲೆ. ಗ್ಯಾರೇಜಿನಲ್ಲಿ, ಮರದ ಜಗುಲಿಯ ಮೇಲೆ ಖಂಡಿತ ಕೂಡದು. ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದೇ ಬೀಗರು ಗ್ಯಾಸ್ ಪೂರ್ತಿ ಆರಿಸಿದರು. ಉಕ್ಕಿದರೂ ಉರಿಯಬಾರದಲ್ಲ. 'ಅಪ್ಪ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ' ಅಂದಳು ಮಗಳು. ಉದ್ದ ಕೊಕ್ಕೆಗೆ ಸಿಕ್ಕಿಸಿದ ಕೋಳಿಯನ್ನು ಬೀಗರು ಬೆರಳಷ್ಟು ಇಳಿಸುವರು, ನಿಲ್ಲುವರು, ಬುಸುಗುಟ್ಟುವುದು ತಗ್ಗಿದ ಮೇಲೆ ಇನ್ನೊಂದು ಬೆರಳು. ಅಷ್ಟು ಹೊತ್ತೂ ಯಾರೂ ಮಾತಾಡಲಿಲ್ಲ. ಪೂರ್ತಿ ಮುಳುಗಿದ ಮೇಲೆಯೇ ಮತ್ತೆ ಗ್ಯಾಸ್ ಹಚ್ಚಿದ್ದು.

ಪೌಂಡಿಗೆ ಮೂರೂವರೆ ನಿಮಿಷದ ಲೆಕ್ಕದಲ್ಲಿ 42 ನಿಮಿಷ. ತೊಡೆಯ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ, 165 ದಾಟಿದೆ ಅಂತ ನೋಡಿಯೇ ಎತ್ತಿದರು. ಚರ್ಮ ಜೇನುಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಕೊಯ್ಯುವ ಮುಂಚೆ ಇಪ್ಪತ್ತು ನಿಮಿಷ ಹಾಗೇ ಬಿಡಬೇಕಂತೆ, ಇಲ್ಲದಿದ್ದರೆ ರಸ ಸೋರಿಹೋಗುತ್ತದೆ. ಮಕ್ಕಳು ಕಾಯಲಿಲ್ಲ, ರೆಕ್ಕೆಯ ತುದಿ ಮುರಿದುಕೊಂಡು ಓಡಿದರು.

ಎಣ್ಣೆ ಮತ್ತೆ 350ಕ್ಕೆ ಬಂತು. ಬೀಗರು ಗ್ಯಾಸ್ ಆರಿಸಿ, ತಮ್ಮ ದಪ್ಪ ಕೈಗವಸು ಕಳಚಿ ನನಗೆ ತೊಡಿಸಿ, ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟರು.