ಕ್ಯಾಸೆಟ್ ಹೆಡ್ ಪ್ರೀಆಂಪ್: ಮದ್ದಳೆ ಬಂತು, ಜೊತೆಗೆ ಗುಂಯ್ ಸದ್ದೂ ಬಂತು

ದೊಡ್ಡಾಟದ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸ್ವಲ್ಪ ಮುಂದೆ ಹೋಗಿದೆ. ಡೆಕ್‌ನ ಮೋಟಾರು, ಟೇಪ್ ಓದುವ ಹೆಡ್ಡು ಚೆನ್ನಾಗಿವೆ, ಬೋರ್ಡ್ ಹೋಗಿದೆ. ಹಾಗಾಗಿ ಪ್ರೀಆಂಪ್, ಅಂದರೆ ಹೆಡ್‌ನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸರ್ಕ್ಯೂಟ್, ನಾನೇ ಕಟ್ಟುತ್ತಿದ್ದೇನೆ.

ಟೇಪಿನ ಕಾಂತಶಕ್ತಿ ಎಷ್ಟು ಬೇಗ ಬದಲಾಗುತ್ತದೋ ಹೆಡ್ ಅಷ್ಟು ವೋಲ್ಟೇಜ್ ಕೊಡುತ್ತದೆ. ಫ್ರೀಕ್ವೆನ್ಸಿ ಎರಡು ಪಟ್ಟಾದರೆ ವೋಲ್ಟೇಜೂ ಎರಡು ಪಟ್ಟು. ಅದನ್ನು ಹಾಗೇ ದೊಡ್ಡದು ಮಾಡಿದರೆ ತಾಳ ಕಿವಿ ಕೊರೆಯುತ್ತದೆ, ಮದ್ದಳೆ ಎಲ್ಲಿ ಹೋಯ್ತೋ ಗೊತ್ತಾಗಲ್ಲ.

ಇದಕ್ಕೆ ಬೇರೆ ಫಿಲ್ಟರ್ ಇಡದೆ ಆಪ್‌ಆಂಪ್‌ನ (ಸಿಗ್ನಲ್ ದೊಡ್ಡದು ಮಾಡುವ ಚಿಪ್) ಫೀಡ್‌ಬ್ಯಾಕ್‌ನಲ್ಲೇ, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ವಾಪಸ್ ಕೊಡುವ ದಾರಿಯಲ್ಲೇ, ಮುಗಿಸಿದೆ. ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 12ಕೆ (ಕಿಲೋಓಮ್) ರೆಸಿಸ್ಟರ್ ಮತ್ತು 10 ನ್ಯಾನೋಫ್ಯಾರಡ್ ಕೆಪಾಸಿಟರ್ ಸೀರೀಸ್‌ನಲ್ಲಿ, ಅವೆರಡಕ್ಕೂ ಅಡ್ಡಲಾಗಿ 300ಕೆ. ಗ್ರೌಂಡಿಗೆ 100 ಓಮ್, ಅದರ ಜೊತೆ ಸೀರೀಸ್‌ನಲ್ಲಿ 100 ಮೈಕ್ರೋಫ್ಯಾರಡ್. 12ಕೆ ಮತ್ತು 10 ನ್ಯಾನೋ ಗುಣಿಸಿದರೆ 120 ಮೈಕ್ರೋಸೆಕೆಂಡ್, ಮಾಮೂಲಿ ಫೆರಿಕ್ (ಐರನ್ ಆಕ್ಸೈಡ್ ಲೇಪದ) ಕ್ಯಾಸೆಟ್‌ಗೆ ಟ್ರೆಬಲ್ ಕಡೆಯ ಲೆಕ್ಕ. ಕ್ರೋಮ್‌ಗೆ 70 ಬೇಕು, ನನ್ನ ಹತ್ತಿರ ಕ್ರೋಮ್ ಇಲ್ಲ.

ಡಬ್ಬಿಯಲ್ಲಿ 4558 ಆಪ್‌ಆಂಪ್ ಇತ್ತು, ಆದರೂ 5532 ಹಾಕಿದೆ. 10 ಕಿಲೋಹರ್ಟ್ಸ್‌ನಲ್ಲಿ 4558ರ ಬರಿಯ ಗೇನ್ (ಫೀಡ್‌ಬ್ಯಾಕ್ ಇಲ್ಲದೆ ಸಿಗ್ನಲನ್ನು ಎಷ್ಟು ಪಟ್ಟು ಮಾಡುತ್ತದೆ ಅನ್ನುವುದು) 300ರ ಆಸುಪಾಸು. ನನಗೆ ಬೇಕಾದ್ದು 115. ಫೀಡ್‌ಬ್ಯಾಕ್‌ಗೆ ಅಂತ ಉಳಿಯುವುದು ಎರಡೂವರೆ ಪಟ್ಟು ಮಾತ್ರ. ಕೈಯಲ್ಲಿ ಬಂಡವಾಳವೇ ಇಲ್ಲದೆ ಅಂಗಡಿ ಇಟ್ಟ ಹಾಗೆ. 5532ರಲ್ಲಿ ಎಂಟು ಪಟ್ಟಿಗಿಂತ ಜಾಸ್ತಿ ಉಳಿಯುತ್ತದೆ.

ಮದ್ದಳೆ ಈಗ ತುಂಬಿಕೊಂಡು ಕೇಳುತ್ತದೆ. ಆದರೆ ಗುಂಯ್ ಸದ್ದು! ಕಾರಣ ಲೆಕ್ಕದಲ್ಲೇ ಇದೆ. ಬೇಸ್ ಕಡೆ ಕ್ಯಾಸೆಟ್‌ನ ಲೆಕ್ಕ 3180 ಮೈಕ್ರೋಸೆಕೆಂಡ್, ಅಂದರೆ 50 ಹರ್ಟ್ಸ್‌ವರೆಗೂ ಇಳಿದಷ್ಟೂ ಗೇನ್ ಏರುತ್ತದೆ, ನಮ್ಮ ಮನೆ ಕರೆಂಟೂ ಅದೇ 50. 1 ಕಿಲೋಹರ್ಟ್ಸ್‌ಗೆ ಗೇನ್ ಸುಮಾರು 190, 50 ಹರ್ಟ್ಸ್‌ಗೆ 2,000! ಎಲಿಮಿನೇಟರ್ ಬಿಟ್ಟು ಎರಡು 9 ವೋಲ್ಟ್ ಬ್ಯಾಟರಿ ಹಾಕಿದೆ. ಶೀಲ್ಡ್ ವೈರನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿದೆ. ಮುಕ್ಕಾಲು ಪಾಲು ಹೋಯ್ತು. ಉಳಿದದ್ದು ಕೂಲರ್ ಮೋಟಾರಿನದು, ಅದನ್ನು ಆಫ್ ಮಾಡಿದರೆ ಹೆಡ್ ಸುಮ್ನಾಗುತ್ತದೆ. ಬಳ್ಳಾರಿ ಬೇಸಿಗೆಯಲ್ಲಿ ಕೂಲರ್ ಆಫ್ ಮಾಡಿ ಯಾರು ಕೂರುತ್ತಾರೆ? ರೆಕಾರ್ಡಿಂಗ್ ಇನ್ನು ಬೆಳಗಿನ ಜಾವವೇ.

ಹೆಡ್ ಮೂಲಕ ಡಿಸಿ ಹರಿದರೆ ಅದೇ ಮ್ಯಾಗ್ನೆಟ್ ಆಗಿ ಟೇಪ್ ಕೆಡಿಸುತ್ತದೆ, ಅದಕ್ಕೆ ಇನ್‌ಪುಟ್‌ನಲ್ಲಿ ಕೆಪಾಸಿಟರ್ ಇದೆ.

ಮುಂದೆ ಇನ್ನೊಂದು ಬಗೆ ನೋಡುವ ಆಸೆ. ಹೆಡ್ಡನ್ನು ಮೈನಸ್ ಇನ್‌ಪುಟ್‌ಗೇ ಕೊಟ್ಟರೆ ಫೀಡ್‌ಬ್ಯಾಕ್ ಆ ಜಾಗವನ್ನು ಸೊನ್ನೆ ವೋಲ್ಟ್‌ನಲ್ಲೇ ಹಿಡಿದಿಡುತ್ತದೆ. ಆಗ ಹೆಡ್‌ನ ಇಂಡಕ್ಟೆನ್ಸೇ ಫ್ರೀಕ್ವೆನ್ಸಿ ಜೊತೆಗಿನ ಆ ಏರಿಕೆಯನ್ನು ಅದುಮುತ್ತದೆ, ಕೇಬಲ್‌ನ ಕೆಪಾಸಿಟೆನ್ಸೂ ಕಾಟ ಕೊಡುವುದಿಲ್ಲ. ಬೇಸ್‌ನಲ್ಲಿ ಮಾತ್ರ ಹೆಡ್ ಕಾಯಿಲ್‌ನ ರೆಸಿಸ್ಟೆನ್ಸ್ ಅಡ್ಡ ಬರುತ್ತದೆ. ಎಷ್ಟು ಅಡ್ಡ ಬರುತ್ತದೆ ಅಂತ ತಿಳಿಯಲು ಇಂಡಕ್ಟೆನ್ಸ್, ರೆಸಿಸ್ಟೆನ್ಸ್ ಎರಡನ್ನೂ ಅಳೆಯಬೇಕು, ಅದಕ್ಕೆ ಎಲ್‌ಸಿಆರ್ ಮೀಟರ್ ಗೆಳೆಯನ ಹತ್ತಿರ ಕೇಳಿದ್ದೇನೆ.