ಹೋದ ದಾರಿಯಲ್ಲಿ ಮರಳಿ ಬರಬಹುದೇ? ಎಡಿಟಿಂಗ್ ಬೀಟಾಗಳ ಕುರಿತು

ವಿಡಿಯೋ ಸಂಕಲನದ ಕೆಲಸದಲ್ಲಿರುವವರಿಗೆ ಏಪ್ರಿಲ್ ತಿಂಗಳು ಎರಡು ಕಾರಣಗಳಿಗೆ ಗೊತ್ತು. ಅಮೆರಿಕದ ಲಾಸ್ ವೇಗಸ್‌ನಲ್ಲಿ ನ್ಯಾಬ್ ಎಂಬ ಪ್ರಸಾರ ತಂತ್ರಜ್ಞಾನದ ಮೇಳ ಸಾಮಾನ್ಯವಾಗಿ ನಡೆಯುವುದು ಆ ತಿಂಗಳಲ್ಲಿ. ನಮ್ಮಲ್ಲಿ ಲಗ್ನಗಳು ಒಂದರ ಮೇಲೊಂದು ಬಂದು, ಮೆಮೊರಿ ಕಾರ್ಡುಗಳನ್ನು ಖಾಲಿ ಮಾಡಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದಂತಾಗುವುದೂ ಅದೇ ತಿಂಗಳಲ್ಲಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ತಯಾರಿಸುವ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ತನ್ನ ದೊಡ್ಡ ಆವೃತ್ತಿಗಳನ್ನು ಬಹುಮಟ್ಟಿಗೆ ಈ ಮೇಳದ ಆಸುಪಾಸಿನಲ್ಲಿ ಘೋಷಿಸಿ, ಜೊತೆಗೇ ಸಾರ್ವಜನಿಕ ಬೀಟಾವನ್ನು, ಅಂದರೆ ಅಂತಿಮಗೊಳ್ಳುವ ಮುನ್ನ ಜನ ಬಳಸಿ ನೋಡಲೆಂದು ಕೊಡುವ ಪರೀಕ್ಷಾರ್ಥ ಆವೃತ್ತಿಯನ್ನು, ಡೌನ್‌ಲೋಡಿಗೆ ಬಿಟ್ಟುಬಿಡುತ್ತದೆ. 2022ರ ಏಪ್ರಿಲ್‌ನಲ್ಲಿ 18, 2024ರ ಏಪ್ರಿಲ್‌ನಲ್ಲಿ 19, 2025ರ ಏಪ್ರಿಲ್‌ನಲ್ಲಿ 20 ಹೀಗೆಯೇ ಬಂದವು. ಹೊಸ ಸೌಲಭ್ಯಗಳ ವಿಡಿಯೋಗಳು ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಇರುತ್ತವೆ, ಮರುದಿನ ಬೆಳಿಗ್ಗೆಯಿಂದ ‘ಹಾಕಿಕೊಳ್ಳಬಹುದಾ?’ ಎಂಬ ಸಂದೇಶಗಳು ಶುರುವಾಗುತ್ತವೆ.

ಈ ಪ್ರಶ್ನೆಗೆ ಸಿಗುವ ಉತ್ತರಗಳು ಹೆಚ್ಚಾಗಿ ಕ್ರ್ಯಾಶ್‌ನ ಸುತ್ತಲೇ ಇರುತ್ತವೆ. ‘ನನ್ನ ಮಷೀನ್‌ನಲ್ಲಿ ಚೆನ್ನಾಗಿ ಓಡುತ್ತಿದೆ’ ಎಂದು ಒಬ್ಬರು, ‘ಅರ್ಧ ಗಂಟೆಗೊಮ್ಮೆ ಮುಚ್ಚಿಕೊಳ್ಳುತ್ತಿದೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಆದರೆ ಬೀಟಾದ ಅಪಾಯಗಳ ಪೈಕಿ ಕ್ರ್ಯಾಶ್‌ ಅತ್ಯಂತ ಪ್ರಾಮಾಣಿಕವಾದುದು ಎಂಬುದು ನನ್ನ ಅಭಿಪ್ರಾಯ. ಅದು ಕಣ್ಣೆದುರೇ ಸಂಭವಿಸುತ್ತದೆ, ಕೆಲಸವನ್ನು ತಾನಾಗಿಯೇ ಉಳಿಸುತ್ತ ಹೋಗುವ ಲೈವ್ ಸೇವ್ ಇದ್ದರೆ ಹೋಗುವುದು ಕೆಲವೇ ನಿಮಿಷಗಳ ಕೆಲಸ, ಮತ್ತೆ ತೆರೆದು ಮುಂದುವರಿಯಬಹುದು. ನಾನು ಹೆದರುವುದು ಸದ್ದಿಲ್ಲದೆ ನಡೆಯುವ ಎರಡು ಸಂಗತಿಗಳಿಗೆ. ಪ್ರಾಜೆಕ್ಟ್ ಹಳೆಯ ಆವೃತ್ತಿಗೆ ಮರಳಲಾಗದಂತೆ ಬದಲಾಗಿಬಿಡುವುದು ಒಂದು, ಚಿತ್ರವೇ ನಮಗೆ ಗೊತ್ತಾಗದಂತೆ ಬದಲಾಗುವುದು ಇನ್ನೊಂದು.

ಮೊದಲನೆಯದನ್ನು ರಿಸಾಲ್ವ್‌ನ ಉದಾಹರಣೆಯಿಂದಲೇ ನೋಡೋಣ. ಇದರಲ್ಲಿ ಪ್ರತಿ ಪ್ರಾಜೆಕ್ಟ್ ವರ್ಡ್ ಕಡತದ ಹಾಗೆ ಫೋಲ್ಡರಿನಲ್ಲಿ ಬಿಡಿಯಾಗಿ ಕೂತಿರುವುದಿಲ್ಲ. ಎಲ್ಲ ಪ್ರಾಜೆಕ್ಟ್‌ಗಳೂ ಒಂದು ಪ್ರಾಜೆಕ್ಟ್ ಲೈಬ್ರರಿಯೊಳಗೆ ಇರುತ್ತವೆ. ಈ ಲೈಬ್ರರಿ ನಮ್ಮ ಡಿಸ್ಕಿನ ಮೇಲಿರಬಹುದು, ಕಚೇರಿಯ ನೆಟ್‌ವರ್ಕ್‌ನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಿರಬಹುದು, 18ನೇ ಆವೃತ್ತಿಯಿಂದೀಚೆಗೆ ಬ್ಲ್ಯಾಕ್‌ಮ್ಯಾಜಿಕ್ ಕ್ಲೌಡ್‌ನಲ್ಲಿಯೂ ಇರಬಹುದು. ಬೀಟಾವನ್ನು ಎಂದಿನ ಇನ್‌ಸ್ಟಾಲರ್ ಮೂಲಕ ಹಾಕಿದಾಗ ಅದು ಹಳೆಯ ಆವೃತ್ತಿಯ ಪಕ್ಕದಲ್ಲಿ ಕೂರುವುದಿಲ್ಲ, ಅದರ ಜಾಗಕ್ಕೇ ಬರುತ್ತದೆ. ಹಳೆಯ ಲೈಬ್ರರಿಯನ್ನು ಮೇಲ್ದರ್ಜೆಗೆ ಏರಿಸಬೇಕೆಂದು ಕೆಲವು ಆವೃತ್ತಿಗಳು ಕೇಳುತ್ತವೆ, ಕೆಲವು ಕೇಳುವುದಿಲ್ಲ.

ಕೇಳದೇ ಇರುವ ಸಂದರ್ಭದಲ್ಲೇ ಹೆಚ್ಚು ಎಚ್ಚರ ಬೇಕು ಎಂಬುದು ವಿಚಿತ್ರವಾದರೂ ನಿಜ. 19ರಿಂದ 20ಕ್ಕೆ ಹೋಗುವಾಗ ಲೈಬ್ರರಿಯನ್ನು ಮೇಲ್ದರ್ಜೆಗೆ ಏರಿಸುವ ಅಗತ್ಯವಿರಲಿಲ್ಲ. ಆದ್ದರಿಂದ 19 ಇರುವ ಯಂತ್ರದಿಂದಲೂ 20 ಇರುವ ಯಂತ್ರದಿಂದಲೂ ಅದೇ ಲೈಬ್ರರಿಯನ್ನು ತೆರೆಯಬಹುದಿತ್ತು, ಪ್ರಾಜೆಕ್ಟ್‌ಗಳ ಪಟ್ಟಿ ಎರಡರಲ್ಲೂ ಕಾಣುತ್ತಿತ್ತು. ಆದರೆ ಯಾವ ಪ್ರಾಜೆಕ್ಟನ್ನು 20ರಲ್ಲಿ ತೆರೆಯಲಾಯಿತೋ ಅದು ಆಮೇಲೆ 19ಕ್ಕೆ ದಕ್ಕುವುದಿಲ್ಲ ಎಂದು ಬಿಡುಗಡೆಯ ಟಿಪ್ಪಣಿಯಲ್ಲಿಯೇ ಬರೆದಿದ್ದರು. ಪೂರ್ತಿ ಲೈಬ್ರರಿಯ ಬ್ಯಾಕಪ್ ಮತ್ತು ಬೇಕಾದ ಪ್ರಾಜೆಕ್ಟ್‌ಗಳ ಬಿಡಿ ಬ್ಯಾಕಪ್ ಎರಡನ್ನೂ ಮೊದಲೇ ತೆಗೆದುಕೊಳ್ಳಿ ಎಂಬ ಸೂಚನೆಯೂ ಅದರಲ್ಲಿತ್ತು. ಸಣ್ಣ ಅಕ್ಷರದ ಆ ಟಿಪ್ಪಣಿಯನ್ನು ಓದುವವರು ಎಷ್ಟು ಮಂದಿ? ನಾಲ್ಕು ಜನ ಹಂಚಿಕೊಂಡು ದುಡಿಯುವ ಸ್ಟುಡಿಯೋದಲ್ಲಿ ಒಬ್ಬ ಹುಡುಗ ಕುತೂಹಲಕ್ಕೆ ಬೀಟಾ ಹಾಕಿಕೊಂಡು ‘ಸುಮ್ಮನೆ ನೋಡೋಣ’ ಎಂದು ರಿಸೆಪ್ಷನ್‌ನ ಪ್ರಾಜೆಕ್ಟ್ ತೆರೆದರೆ ಸಾಕು, ಉಳಿದ ಮೂವರಿಗೆ ಆ ಪ್ರಾಜೆಕ್ಟ್ ಕೈತಪ್ಪಿದ ಹಾಗೆಯೇ.

ಪ್ರಾಜೆಕ್ಟನ್ನು ಲೈಬ್ರರಿಯಿಂದ ಡಿಆರ್‌ಪಿ ಎಂಬ ಬಿಡಿ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಹಳೆಯದರಲ್ಲಿ ತೆರೆದರಾಯಿತು ಎಂದುಕೊಳ್ಳುವವರಿದ್ದಾರೆ. ಹೊಸ ಆವೃತ್ತಿ ಬರೆದ ಡಿಆರ್‌ಪಿಯನ್ನು ಹಳೆಯ ಆವೃತ್ತಿ ಓದುವುದಿಲ್ಲ. ಆ ಕಡತ ಉಪಯೋಗಕ್ಕೆ ಬರುವುದು ಬೀಟಾ ಹಾಕುವ ಮುನ್ನ, ಹಳೆಯ ಆವೃತ್ತಿಯಿಂದಲೇ ಅದನ್ನು ತೆಗೆದಿಟ್ಟಿದ್ದರೆ ಮಾತ್ರ. ಅದರೊಳಗೆ ಫೂಟೇಜ್ ಇರುವುದಿಲ್ಲ, ಸ್ಟಿಲ್‌ಗಳೂ ಲಟ್‌ಗಳೂ (ಬಣ್ಣ ಬದಲಿಸುವ ಸಿದ್ಧ ಕಡತಗಳು) ಬೇಕಿದ್ದರೆ ಅವುಗಳ ಸಮೇತ ಎಕ್ಸ್‌ಪೋರ್ಟ್ ಮಾಡುವ ಬೇರೆ ಆಯ್ಕೆ ಇದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಅಡೋಬಿಯವರು ಈ ವಿಷಯದಲ್ಲಿ ಬೇರೆ ವ್ಯವಸ್ಥೆ ಮಾಡಿದ್ದಾರೆ. ಅವರ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋದ ಬೀಟಾ ಕ್ರಿಯೇಟಿವ್ ಕ್ಲೌಡ್ ಮೂಲಕ ಪ್ರತ್ಯೇಕ ಅಪ್ಲಿಕೇಷನ್ ಆಗಿ, ಮುಖ್ಯ ಆವೃತ್ತಿಯ ಪಕ್ಕದಲ್ಲೇ ಕೂರುತ್ತದೆ. ಇದು ಒಳ್ಳೆಯ ಪದ್ಧತಿ. ಆದರೆ ಇದರಿಂದ ಹುಟ್ಟುವ ಧೈರ್ಯವೂ ಒಂದು ಬಗೆಯ ಅಪಾಯವೇ. ಅಪ್ಲಿಕೇಷನ್‌ಗಳು ಬೇರೆ ಬೇರೆ ಇದ್ದರೂ ಪ್ರಾಜೆಕ್ಟ್ ಕಡತ ಒಂದೇ ತಾನೇ? ಬೀಟಾ ಹೊಸ ಮಾದರಿಯಲ್ಲಿ ಉಳಿಸಿದ ಪ್ರಾಜೆಕ್ಟನ್ನು ಹಳೆಯದು ತೆರೆಯಲು ಒಪ್ಪುವುದಿಲ್ಲ. ಪ್ರೀಮಿಯರ್ ಪ್ರಾಜೆಕ್ಟ್ ಎಂದರೆ ವಾಸ್ತವದಲ್ಲಿ ಜಿಜಿಪ್‌ನಲ್ಲಿ ಕುಗ್ಗಿಸಿದ ಎಕ್ಸ್‌ಎಂಎಲ್ ಕಡತ. ಅದನ್ನು ಬಿಚ್ಚಿ, ಒಳಗಿರುವ ಆವೃತ್ತಿಯ ಸಂಖ್ಯೆಯನ್ನು ತಿದ್ದಿ, ಮತ್ತೆ ಮುಚ್ಚಿ ಹಳೆಯ ಪ್ರೀಮಿಯರ್‌ನಲ್ಲಿ ತೆರೆಯುವ ಯುಕ್ತಿ ಎಡಿಟರ್‌ಗಳ ನಡುವೆ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅನೇಕ ಸಲ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಹಳೆಯದಕ್ಕೆ ಅರ್ಥವಾಗದ ಎಫೆಕ್ಟ್‌ಗಳು ದಾರಿಯಲ್ಲೇ ಉದುರಿಹೋಗುತ್ತವೆ, ಏನೇನು ಉದುರಿತು ಎಂದು ಯಾರೂ ಪಟ್ಟಿ ಕೊಡುವುದಿಲ್ಲ. ಎರಡು ಗಂಟೆಯ ಟೈಮ್‌ಲೈನ್‌ನಲ್ಲಿ ಅದನ್ನು ಹುಡುಕುತ್ತ ಕೂರುವುದಕ್ಕಿಂತ ಹೊಸದಾಗಿ ಕತ್ತರಿಸುವುದೇ ಸುಖ ಎನ್ನಿಸಿಬಿಡುತ್ತದೆ.

ಬೀಟಾ ಎಂಬ ಹಣೆಪಟ್ಟಿ ಇಲ್ಲದ ಮಾತ್ರಕ್ಕೆ ಎಲ್ಲವೂ ಭದ್ರ ಎಂದೇನಲ್ಲ. 2011ರ ಜೂನ್‌ನಲ್ಲಿ ಆಪಲ್ ಬಿಡುಗಡೆ ಮಾಡಿದ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೋ ಎಕ್ಸ್ ಪೂರ್ಣ ಆವೃತ್ತಿಯೆಂದೇ ಮಾರಾಟವಾಯಿತು. ಅದು ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳನ್ನು ತೆರೆಯುತ್ತಿರಲಿಲ್ಲ, ಹಲವು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಸಂಕಲಿಸುವ ಮಲ್ಟಿಕ್ಯಾಮ್ ಕೂಡ ಇರಲಿಲ್ಲ. ಮಲ್ಟಿಕ್ಯಾಮ್ ಮರಳಿದ್ದು 2012ರ ಜನವರಿಯಲ್ಲಿ. ವೃತ್ತಿಪರರು ಗದ್ದಲವೆಬ್ಬಿಸಿದ ಮೇಲೆ ಆಪಲ್ ತಾನೇ ನಿಲ್ಲಿಸಿದ್ದ ಹಳೆಯ ಆವೃತ್ತಿಯನ್ನು ಮತ್ತೆ ಮಾರಬೇಕಾಯಿತು.

ಇನ್ನು ಚಿತ್ರ ಬದಲಾಗುವ ವಿಷಯ. ಇದನ್ನು ಕುರಿತು ಯಾರೂ ಹೆಚ್ಚು ಮಾತನಾಡುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಹೊಸ ಆವೃತ್ತಿಗಳಲ್ಲಿ ಚಿತ್ರದ ಕಾಳುಕಾಳನ್ನು ತೆಗೆಯುವ ನಾಯ್ಸ್ ರಿಡಕ್ಷನ್, ಸ್ಕೇಲಿಂಗ್, ಸ್ಟೆಬಿಲೈಸೇಷನ್, ಕಚ್ಚಾ ಫೂಟೇಜನ್ನು ಬಿಡಿಸುವ ಡಿಕೋಡರ್ ಇವೆಲ್ಲ ಸುಧಾರಿಸುತ್ತಿರುತ್ತವೆ. ಸುಧಾರಣೆ ಎಂದರೆ ನೆನ್ನೆ ಹೇಗಿತ್ತೋ ಹಾಗೆ ಇಂದು ಇಲ್ಲ ಎಂದೇ ಅರ್ಥ. ಮದುವೆಯ ಮೊದಲ ಭಾಗವನ್ನು ಹಳೆಯದರಲ್ಲಿ ರೆಂಡರ್ ಮಾಡಿ, ಅಂದರೆ ಅಂತಿಮ ವಿಡಿಯೋ ಆಗಿ ಹೊರತೆಗೆದು, ಗ್ರಾಹಕರಿಗೆ ತೋರಿಸಿ ಒಪ್ಪಿಗೆ ಪಡೆದು, ಎರಡನೆಯ ಭಾಗವನ್ನು ಬೀಟಾದಲ್ಲಿ ತೆಗೆದರೆ, ಎರಡೂ ಒಂದೇ ತೆರನಾಗಿ ಇರುತ್ತವೆ ಎಂಬುದಕ್ಕೆ ಖಾತರಿಯಿಲ್ಲ.

ಇದನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಕಷ್ಟ, ಪರೀಕ್ಷೆ ಮಾತ್ರ ಬಹಳ ಸುಲಭ. ಒಂದು ಸಣ್ಣ ತುಣುಕನ್ನು ಹಳೆಯ ಆವೃತ್ತಿಯಿಂದ ಡಿಎನ್‌ಎಕ್ಸ್‌ಎಚ್‌ಆರ್ ಅಥವಾ ಪ್ರೋರೆಸ್‌ನಂತಹ ಕಡಿಮೆ ಹಿಂಡುವ ಕೋಡೆಕ್‌ನಲ್ಲಿ ರೆಂಡರ್ ಮಾಡಿಟ್ಟುಕೊಂಡು, ಅದೇ ತುಣುಕನ್ನು ಬೀಟಾದಿಂದಲೂ ಅದೇ ಕೋಡೆಕ್‌ನಲ್ಲಿ ತೆಗೆಯಬೇಕು. ಎಚ್.264 ಬೇಡ, ಏಕೆಂದರೆ ಅದು ಹಿಂಡುವುದರಿಂದಲೇ ಒಂದಿಷ್ಟು ವ್ಯತ್ಯಾಸ ಹುಟ್ಟುತ್ತದೆ. ಎರಡನ್ನೂ ಒಂದರ ಮೇಲೊಂದು ಟ್ರ್ಯಾಕಿನಲ್ಲಿಟ್ಟು ಮೇಲಿನದರ ಕಾಂಪೋಸಿಟ್ ಮೋಡ್ ಅನ್ನು ಎರಡರ ವ್ಯತ್ಯಾಸವನ್ನಷ್ಟೇ ತೋರಿಸುವ ಡಿಫರೆನ್ಸ್‌ಗೆ ಬದಲಿಸಿದರೆ, ಎರಡೂ ಒಂದೇ ಆಗಿದ್ದಲ್ಲಿ ತೆರೆ ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಗೇನ್ ಅನ್ನು ಚೆನ್ನಾಗಿ ಏರಿಸಿ ನೋಡಬೇಕು. ರಾತ್ರಿಯ ರಿಸೆಪ್ಷನ್‌ನ ಶಾಟ್‌ಗಳಲ್ಲಿ ಕಪ್ಪಿನ ನಡುವೆ ಸೀರೆಯ ಜರಿಯ ಅಂಚು ಬೂದು ಗೆರೆಗಳಾಗಿ ಎದ್ದು ಕಂಡರೆ ನಾಯ್ಸ್ ರಿಡಕ್ಷನ್ ಬೇರೆ ರೀತಿ ಕೆಲಸ ಮಾಡಿದೆ ಎಂದು ತಿಳಿಯಬಹುದು. ಇಡೀ ಫ್ರೇಮ್ ಸಮನಾಗಿ ಮಂಕು ಬೆಳಕಿನಲ್ಲಿ ಕಂಡರೆ ಬಣ್ಣ ನಿರ್ವಹಣೆಯ ಸೆಟ್ಟಿಂಗ್‌ನಲ್ಲಿ ಏನೋ ಕದಲಿದೆ. ಫಿಲ್ಮ್ ಗ್ರೇನ್ ಹಾಕಿದ್ದರೆ ಅದು ಪ್ರತಿ ರೆಂಡರ್‌ನಲ್ಲೂ ಬದಲಾಗಬಹುದಾದ್ದರಿಂದ ಪರೀಕ್ಷೆಯ ಮಟ್ಟಿಗೆ ತೆಗೆದಿಡಬೇಕು. ಧ್ವನಿಗೂ ಇದೇ ಉಪಾಯ. ಒಂದು ಟ್ರ್ಯಾಕಿನ ಫೇಸ್ ತಿರುಗಿಸಿ ಎರಡನ್ನೂ ಒಟ್ಟಿಗೆ ನುಡಿಸಿದರೆ ಮೌನವೇ ಕೇಳಬೇಕು.

ಕನ್ನಡದಲ್ಲಿ ಶೀರ್ಷಿಕೆ ಹಾಕುವವರಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ವಿದೇಶದಲ್ಲಿ ಬೀಟಾ ಪರೀಕ್ಷಿಸುವವರು ಒತ್ತಕ್ಷರಗಳನ್ನು ಟೈಪ್ ಮಾಡಿ ನೋಡುತ್ತಾರೆಂದು ನಾವು ನಿರೀಕ್ಷಿಸುವಂತಿಲ್ಲ. ಪ್ರೀಮಿಯರ್‌ನಲ್ಲಿ ಭಾರತೀಯ ಲಿಪಿಗಳು ಸರಿಯಾಗಿ ಮೂಡಬೇಕಾದರೆ ಗ್ರಾಫಿಕ್ಸ್ ಪ್ರಿಫರೆನ್ಸ್‌ನಲ್ಲಿ ಸೌತ್ ಏಷ್ಯನ್ ಆಂಡ್ ಮಿಡಲ್ ಈಸ್ಟರ್ನ್ ಎಂಬ ಟೆಕ್ಸ್ಟ್ ಎಂಜಿನ್ ಆರಿಸಿರಬೇಕು. ಹೊಸದಾಗಿ ಹಾಕಿದ ಬೀಟಾದಲ್ಲಿ ಆ ಆಯ್ಕೆ ಆಗಿದೆಯೇ ಎಂದು ಖುದ್ದಾಗಿ ನೋಡಿಕೊಳ್ಳಬೇಕು. ರಿಸಾಲ್ವ್‌ನಲ್ಲಿ ಟೆಕ್ಸ್ಟ್ ಪ್ಲಸ್ ಎಂಬ ಶೀರ್ಷಿಕೆಯ ಸಾಧನಕ್ಕೂ ನಮ್ಮ ಲಿಪಿಗಳಿಗೂ ಹಿಂದಿನಿಂದಲೂ ಅಷ್ಟಕ್ಕಷ್ಟೆ. ನಾನು ‘ಸ್ವಾತಂತ್ರ್ಯ’, ‘ಲಕ್ಷ್ಮಿ’, ‘ಕರ್ತೃ’ ಎಂಬ ಮೂರು ಪದಗಳನ್ನು ಬರೆದು ನೋಡುತ್ತೇನೆ. ಮೊದಲನೆಯದರಲ್ಲಿ ಮೂರು ವ್ಯಂಜನಗಳ ಒತ್ತು, ಎರಡನೆಯದರಲ್ಲಿ ಕ್ಷಕ್ಕೆ ಮಕಾರದ ಒತ್ತು, ಮೂರನೆಯದರಲ್ಲಿ ಅರ್ಕಾವತ್ತಿನ ಜೊತೆಗೆ ಋಕಾರ ಇರುವುದರಿಂದ ಈ ಮೂರೂ ಸರಿಯಾಗಿ ಮೂಡಿದರೆ ಉಳಿದವು ಬಹುತೇಕ ಮೂಡುತ್ತವೆ. ಮಾಡಿಟ್ಟ ಹಳೆಯ ಶೀರ್ಷಿಕೆಗಳನ್ನೂ ಒಮ್ಮೆ ತೆರೆದು ಓದಬೇಕು, ವರನ ಹೆಸರಿನ ಒತ್ತಕ್ಷರ ಒಡೆದುಹೋಗಿರುವುದನ್ನು ಬೀಗರ ಮನೆಯವರು ಕಂಡುಹಿಡಿಯುವಂತಾಗಬಾರದು.

ಪ್ಲಗಿನ್‌ಗಳ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ಬೀಟಾ ಬಂದ ದಿನವೇ ಪ್ಲಗಿನ್ ತಯಾರಕರು ಹೊಸದಕ್ಕೆ ಹೊಂದಿಸಿಕೊಟ್ಟಿರುವುದಿಲ್ಲ. ಇದಕ್ಕಿಂತ ಗಮನಿಸಬೇಕಾದದ್ದು ಗ್ರಾಫಿಕ್ಸ್ ಡ್ರೈವರ್ ಮತ್ತು ಆಪರೇಟಿಂಗ್ ಸಿಸ್ಟಂ. ಹೊಸ ಆವೃತ್ತಿ ಹೊಸ ಡ್ರೈವರ್ ಕೇಳುತ್ತದೆ, ಕೆಲವೊಮ್ಮೆ ಹೊಸ ಮ್ಯಾಕ್‌ಓಎಸ್ ಕೂಡ. ಬೀಟಾವನ್ನು ತೆಗೆದುಹಾಕಿದರೂ ಅದಕ್ಕಾಗಿ ಮಾಡಿದ ಈ ಬದಲಾವಣೆಗಳು ಹಾಗೆಯೇ ಉಳಿಯುತ್ತವೆ.

ಗ್ರಾಹಕರಿಗೆ ಸಂಬಂಧಿಸಿದ ಎರಡು ಮಾತು. ಬೀಟಾದಲ್ಲಿರುವ ಎಐ ಸೌಲಭ್ಯಗಳ ಬಳಕೆಯ ಷರತ್ತುಗಳು ಅಂತಿಮ ಆವೃತ್ತಿಯ ಷರತ್ತುಗಳಂತೆಯೇ ಇರಬೇಕೆಂದಿಲ್ಲ. ಫೋಟೋಶಾಪ್‌ನ ಜನರೇಟಿವ್ ಫಿಲ್ 2023ರಲ್ಲಿ ಬೀಟಾದಲ್ಲಿದ್ದಾಗ ಅದನ್ನು ವಾಣಿಜ್ಯ ಕೆಲಸಕ್ಕೆ ಬಳಸುವಂತಿರಲಿಲ್ಲ, ಆ ಅನುಮತಿ ಬಂದದ್ದು ಅದೇ ವರ್ಷ ಸೆಪ್ಟೆಂಬರ್‌ನ ಬಿಡುಗಡೆಯೊಂದಿಗೆ. ವಿಡಿಯೋ ಸಾಫ್ಟ್‌ವೇರ್‌ಗಳಿಗೂ ಇಂಥ ಸೌಲಭ್ಯಗಳು ಬರುತ್ತಿರುವಾಗ ಷರತ್ತುಗಳನ್ನು ಓದದೆ ಜಾಹೀರಾತಿನ ಕೆಲಸಕ್ಕೆ ಬಳಸುವುದು ಜಾಣತನವಲ್ಲ. ಎರಡನೆಯದು, ದೋಷ ವರದಿ ಮಾಡುವಾಗ ಲಗತ್ತಿಸುವ ಡಯಾಗ್ನಾಸ್ಟಿಕ್ಸ್ ಲಾಗ್. ಕಡತಗಳ ದಾರಿ, ಅಂದರೆ ಫೋಲ್ಡರಿನ ಹೆಸರುಗಳು, ಅದರಲ್ಲಿ ಸೇರಿರಬಹುದು. ಇನ್ನೂ ಬಿಡುಗಡೆಯಾಗದ ಕೆಲಸದ ಹೆಸರು ಆ ದಾರಿಯಲ್ಲಿದ್ದರೆ ಅದನ್ನು ನಾಲ್ಕು ಜನ ನೋಡುವಲ್ಲಿ ಹಾಕಬಾರದು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಬೀಟಾಗಳ ವಿರೋಧಿಯಲ್ಲ. ಯಾರೂ ಪರೀಕ್ಷಿಸದಿದ್ದರೆ ಆ ಒತ್ತಕ್ಷರದ ದೋಷ ಅಂತಿಮ ಆವೃತ್ತಿಗೂ ಹೋಗುತ್ತದೆ, ನಮ್ಮ ಪರವಾಗಿ ಅದನ್ನು ವರದಿ ಮಾಡುವವರು ನಾವೇ. ಆದರೆ ಅದಕ್ಕೊಂದು ಜಾಗ ಮತ್ತು ಹೊತ್ತು ಇರಬೇಕು. ಜಾಗವೆಂದರೆ ಬೇರೆ ಕಂಪ್ಯೂಟರ್. ಅದಿಲ್ಲದಿದ್ದರೆ ಬೇರೆ ಎಸ್‌ಎಸ್‌ಡಿಯಲ್ಲಿ ಪ್ರತ್ಯೇಕವಾಗಿ ಹಾಕಿದ ಆಪರೇಟಿಂಗ್ ಸಿಸ್ಟಂ, ಅದರಲ್ಲಿ ಹೊಸ ಲೈಬ್ರರಿ, ಹಳೆಯ ಪ್ರಾಜೆಕ್ಟ್‌ಗಳ ನಕಲು ಮಾತ್ರ. ಹೊತ್ತೆಂದರೆ, ಲಗ್ನದ ಕೆಲಸ ಮಾಡುವವರಿಗೆ ಆಷಾಢವನ್ನು ಮೀರಿದ ಕಾಲವಿಲ್ಲ. ಮದುವೆಗಳು ನಿಂತಿರುತ್ತವೆ, ಏಪ್ರಿಲ್‌ನಲ್ಲಿ ಬಂದ ಬೀಟಾ ಅಷ್ಟರಲ್ಲಿ ಹಲವು ಸುತ್ತು ತಿದ್ದುಪಡಿ ಕಂಡಿರುತ್ತದೆ ಅಥವಾ ಅಂತಿಮ ಆವೃತ್ತಿಯೇ ಬಂದಿರುತ್ತದೆ. ರಿಸಾಲ್ವ್ 18 ಪೂರ್ಣಗೊಂಡದ್ದು ಜುಲೈನಲ್ಲಿ, 19 ಆಗಸ್ಟ್‌ನಲ್ಲಿ, 20 ಮೇ ಕೊನೆಯಲ್ಲಿ.

ಈಗಾಗಲೇ ಬೀಟಾದೊಳಗೆ ಸಿಕ್ಕಿಕೊಂಡು ಇದನ್ನು ಓದುತ್ತಿರುವವರಿಗೆ ಮೂರು ದಾರಿಗಳಿವೆ. ಪ್ರಾಜೆಕ್ಟ್ ಬ್ಯಾಕಪ್ ಸೌಲಭ್ಯ ಚಾಲೂ ಇದ್ದಿದ್ದರೆ ಹಳೆಯ ಆವೃತ್ತಿ ಬರೆದಿಟ್ಟ ಬ್ಯಾಕಪ್‌ಗಳು ಉಳಿದಿರುತ್ತವೆ. ಬೀಟಾದಲ್ಲಿ ಮಾಡಿದ ಕೆಲಸ ಒಂದೆರಡು ದಿನದ್ದಾದರೆ ಅಲ್ಲಿಂದಲೇ ಮತ್ತೆ ಆರಂಭಿಸುವುದು ಒಳ್ಳೆಯದು. ಕೆಲಸ ಅದಕ್ಕಿಂತ ಮುಂದೆ ಹೋಗಿದ್ದರೆ, ಟೈಮ್‌ಲೈನ್‌ನ ಪ್ರತಿ ಕ್ಲಿಪ್ಪನ್ನೂ ಗ್ರೇಡ್ (ಮಾಡಿದ ಬಣ್ಣದ ತಿದ್ದುಪಡಿ) ಸಮೇತ, ಎರಡೂ ತುದಿಯಲ್ಲಿ ಒಂದಷ್ಟು ಹೆಚ್ಚುವರಿ ಫ್ರೇಮ್‌ಗಳನ್ನು ಬಿಟ್ಟು ಬಿಡಿಬಿಡಿಯಾಗಿ ರೆಂಡರ್ ಮಾಡಿ, ಜೊತೆಗೆ ಟೈಮ್‌ಲೈನ್‌ನ ವಿವರವಿರುವ ಎಕ್ಸ್‌ಎಂಎಲ್ ಕಡತ ತೆಗೆದು ಹಳೆಯ ಆವೃತ್ತಿಗೆ ಒಯ್ಯಬಹುದು. ಎಕ್ಸ್‌ಎಂಎಲ್ ಕಟ್‌ಗಳನ್ನು ಒಯ್ಯುತ್ತದೆ, ಗ್ರೇಡನ್ನು ಒಯ್ಯುವುದಿಲ್ಲ, ಆದ್ದರಿಂದಲೇ ಅದನ್ನು ಕ್ಲಿಪ್ಪಿನೊಳಗೇ ಸೇರಿಸಿಬಿಡಬೇಕು. ರಿಸಾಲ್ವ್‌ನೊಳಗಿನ ಫ್ಯೂಷನ್ ವಿಭಾಗದಲ್ಲಿ ಮಾಡಿದ ಗ್ರಾಫಿಕ್ಸ್ ಕೂಡ ಹಾಗೆಯೇ. ಮೂರನೆಯದು, ಡಿಫರೆನ್ಸ್ ಪರೀಕ್ಷೆ ಮತ್ತು ಶೀರ್ಷಿಕೆಗಳ ಪರೀಕ್ಷೆ ಎರಡರಲ್ಲೂ ತೊಂದರೆ ಕಾಣದಿದ್ದಲ್ಲಿ, ಆ ಒಂದು ಪ್ರಾಜೆಕ್ಟನ್ನು ಬೀಟಾದಲ್ಲೇ ಮುಗಿಸಿ ತಲುಪಿಸಿ, ಉಳಿದ ಪ್ರಾಜೆಕ್ಟ್‌ಗಳನ್ನು ಮುಟ್ಟದೆ ಇರುವುದು. ನನ್ನನ್ನು ಕೇಳಿದವರಿಗೆ ನಾನು ಹೆಚ್ಚಾಗಿ ಹೇಳುವುದು ಈ ಮೂರನೆಯದನ್ನೇ, ಏಕೆಂದರೆ ಗಡುವಿನ ವಾರದಲ್ಲಿ ಎರಡು ಸಲ ಆವೃತ್ತಿ ಬದಲಿಸುವುದು ಒಂದು ಸಲ ಬದಲಿಸುವುದಕ್ಕಿಂತ ಹೆಚ್ಚು ಅಪಾಯಕಾರಿ.