ಒಂದು ಚೌಕಟ್ಟಿಗೆ ನಾಲ್ಕು ಫ್ಲ್ಯಾಶ್

ಮೈಸೂರು, ಗುರುವಾರ, 14 ಡಿಸೆಂಬರ್ 2023

ಭರತನಾಟ್ಯ ಕಲಿಯುತ್ತಿರುವ ತಂಗಿಯ ಮಗಳು ಅರೆಮಂಡಿಯಲ್ಲಿ (ಮಂಡಿ ಅರ್ಧ ಬಾಗಿಸಿದ ಭಂಗಿಯಲ್ಲಿ) ನಿಂತು, ಬಲಗೈಯನ್ನು ಎದೆಯ ಮಟ್ಟದಿಂದ ನೆತ್ತಿಯ ಮೇಲಿನವರೆಗೆ ನಾಲ್ಕು ನೆಲೆಗಳಲ್ಲಿ ಎತ್ತುವುದನ್ನು ಒಂದೇ ಚಿತ್ರದಲ್ಲಿ ಹಿಡಿಯಲು ಈ ಸಂಜೆ ಮೀಸಲಾಯಿತು. 1930ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಇಂಥ ಚಲನೆಗಳನ್ನು ಮಿನುಗುವ ಸ್ಟ್ರೋಬ್ ಬೆಳಕಿನಲ್ಲಿ ಹಿಡಿಯುತ್ತಿದ್ದರು. ಹಲವು ಸಲ ತೆಗೆದದ್ದನ್ನು ಒಂದೇ ಚಿತ್ರವಾಗಿ ಸೇರಿಸುವ ಕ್ಯಾಮೆರಾದ ಮಲ್ಟಿಪಲ್ ಎಕ್ಸ್‌ಪೋಶರ್‌ನಲ್ಲಾದರೋ ಭಂಗಿ ಭಂಗಿಗೂ ಬಿಡುವು ಸಿಗುವುದರಿಂದ, ಪತಾಕ ಹಸ್ತಮುದ್ರೆಯ ಬೆರಳು ನೆಟ್ಟಗಿದೆಯೇ ಎಂದು ನೋಡಿಕೊಂಡು ಮುಂದುವರಿಯಬಹುದು; ನನಗೆ ಇದೇ ಮೆಚ್ಚು.

ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 100, ಲೆನ್ಸಿನ ದ್ವಾರ ಎಫ್/8, ಷಟರ್ 1/200 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಅದು ಚಿತ್ರದಲ್ಲಿ ಮೂಡುವುದಿಲ್ಲ. ಫ್ಲ್ಯಾಶ್ ಅವಳಿಂದ 4 ಅಡಿ, ಕಪ್ಪು ಪರದೆಯಿಂದ 12 ಅಡಿ ದೂರದಲ್ಲಿತ್ತು. ದೂರ ಮೂರು ಪಟ್ಟಾದಾಗ ಬೆಳಕು ಒಂಬತ್ತನೆಯ ಒಂದು ಪಾಲಿಗೆ ಇಳಿಯುವುದರಿಂದ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ತೊಡಕಿರುವುದು ಬೇರೆ ಕಡೆ. ದೇಹ ಕದಲದೆ ನಿಂತಿರುವುದರಿಂದ ಅದರ ಮೇಲೆ ನಾಲ್ಕು ಫ್ಲ್ಯಾಶ್ ಬೀಳುತ್ತವೆ, ಕೈಯ ಒಂದೊಂದು ನೆಲೆಗೆ ಒಂದೇ. ಈ ನಾಲ್ಕನ್ನು ಸೇರಿಸಲು ನನ್ನ ನಿಕಾನ್ ಡಿ850 ಕ್ಯಾಮೆರಾದಲ್ಲಿರುವ ಕ್ರಮಗಳಲ್ಲಿ ಆವರೇಜ್ (ಸರಾಸರಿ) ಕ್ರಮ ಪ್ರತಿ ಎಕ್ಸ್‌ಪೋಶರನ್ನೂ ಕಾಲು ಭಾಗಕ್ಕೆ ಇಳಿಸುವುದರಿಂದ ಮುಖ ಸರಿಯಾಗಿ ಬಂದು ಕೈಗಳು ಹೊಗೆಯಂತೆ ಮಸುಕಾಗುತ್ತವೆ. ಇಳಿಸದೆ ಹಾಗೆಯೇ ಕೂಡಿಸುವ ಆ್ಯಡ್ ಕ್ರಮದಲ್ಲಿ ಕೈಗಳು ಸರಿಯಾಗಿ ಬಂದು, ಮುಖ ಎರಡು ಸ್ಟಾಪ್ (ಬೆಳಕು ನಾಲ್ಕು ಪಟ್ಟು) ಹೆಚ್ಚಾಗಿ, ಜರಿಯ ಅಂಚೆಲ್ಲ ಬಿಳಿಚಿಕೊಳ್ಳುತ್ತದೆ. ಫ್ಲ್ಯಾಶಿನ ಶಕ್ತಿಯನ್ನು ಎಷ್ಟು ತಿರುಗಿಸಿದರೂ ಈ ಅಂತರ ಹೋಗದು, ಏಕೆಂದರೆ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಲೈಟನ್ ಕ್ರಮ ಕೂಡಿಸುವುದೇ ಇಲ್ಲ. ಪ್ರತಿಯೊಂದು ಬಿಂದುವಿನಲ್ಲೂ ನಾಲ್ಕರಲ್ಲಿ ಅತಿ ಬೆಳಗಿರುವುದನ್ನು ಮಾತ್ರ ಉಳಿಸಿಕೊಳ್ಳುವುದರಿಂದ ಮುಖಕ್ಕೂ ಕೈಗಳಿಗೂ ಒಂದೇ ಫ್ಲ್ಯಾಶಿನ ಬೆಳಕು ದಕ್ಕುತ್ತದೆ. (ಕ್ಯಾನನ್ 5ಡಿ ಮಾರ್ಕ್ 3 ಇಟ್ಟುಕೊಂಡಿರುವವರು ಇದಕ್ಕೆ ಬ್ರೈಟ್ ಎಂಬ ಆಯ್ಕೆಯನ್ನು ಹುಡುಕಿಕೊಳ್ಳಲಿ.)

ಲೈಟನ್‌ಗೂ ಅದರದೇ ಹಟವಿದೆ. ಎದೆಯ ಮುಂದಿನ ಕೈ ಕೆನೆಬಣ್ಣದ ರವಿಕೆಯ ಮೇಲೆ ಅರ್ಧ ಕರಗಿತು, ಏಕೆಂದರೆ ಉಳಿದ ಮೂರರಲ್ಲಿ ಅದೇ ಜಾಗದ ಬಟ್ಟೆ ಚರ್ಮಕ್ಕಿಂತ ಬೆಳ್ಳಗಿತ್ತು. ಕಪ್ಪು ರವಿಕೆ ತೊಟ್ಟು ಬಂದ ಮೇಲೆ ಉಗುರಿನ ಅಂಚೂ ಸ್ಪಷ್ಟವಾಯಿತು. ರೆಪ್ಪೆಯದೂ ಇದೇ ಕಥೆ: ನಾಲ್ಕರಲ್ಲಿ ಒಮ್ಮೆ ಕಣ್ಣು ಮುಚ್ಚಿದರೂ ಕಪ್ಪು ಪಾಪೆಯ ಮೇಲೆ ರೆಪ್ಪೆಯ ಚರ್ಮವೇ ಗೆಲ್ಲುತ್ತದೆ. ಹಾಗಾಗಿ ಪ್ರತಿ ಸಲ ಷಟರ್ ಒತ್ತುವ ಮೊದಲು, ಒಮ್ಮೆ ಚೆನ್ನಾಗಿ ಮಿಟುಕಿಸಿ ಕಣ್ಣು ತೆರೆದಿಟ್ಟುಕೋ ಎಂದು ಅವಳಿಗೆ ಹೇಳುತ್ತಿದ್ದೆ.